ಸವ್ವಾ ತೀನ್ ಮೀಟರ್

ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರಿಗೆ ಕೆಲಸ ಸಿಗುವ ಏರ್ಪಾಡೊಂದನ್ನು ನಾನು ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಮೊದಲ ಸಲ ಹತ್ತಿರದಿಂದ ನೋಡಿದೆ. ಕೊಲ್ಹಾಪುರದ ಒಂದು ಸಹಕಾರಿ ಭಾಂಡಾರದಲ್ಲಿ ಅದಕ್ಕೆ ‘ಬದಲಿ’ ಎನ್ನುತ್ತಿದ್ದರು. ಗಿರಣಿಗಳಿಂದ ಬಂದ ಶಬ್ದ. ಗಿರಣಿಯಲ್ಲಿ ಬದಲಿಯವನು ಬಾಗಿಲಲ್ಲಿ ನಿಂತಿರುತ್ತಾನೆ, ಒಳಗಿನವನು ಬಾರದಿದ್ದರೆ ಅವನ ಮಗ್ಗಕ್ಕೆ ಹೋಗುತ್ತಾನೆ. ನಮ್ಮ ಭಾಂಡಾರದಲ್ಲಿ ಬದಲಿಯವರಿಗೆ ಬೆಳಗಿನ ನಾಲ್ಕು ತಾಸು ಖಾತ್ರಿ. ಸಂಜೆಯ ನಾಲ್ಕು ತಾಸು ಬೇಕೆಂದರೆ ಎರಡು ಸಂಗತಿಗಳು ಕೂಡಿಬರಬೇಕು: ಯಾವುದೋ ವಿಭಾಗದಲ್ಲಿ ಯಾರೋ ಒಬ್ಬರು ಬಾರದಿರಬೇಕು, ಆ ವಿಭಾಗದ ಕೆಲಸ ನಮಗೆ ಬರಬೇಕು. ಮೊದಲನೆಯದು ನಮ್ಮ ಕೈಯಲ್ಲಿರಲಿಲ್ಲ, ಬಯಸುವುದಷ್ಟೇ ನಮ್ಮ ಕೈಯಲ್ಲಿತ್ತು. ಎರಡನೆಯದು ಪೂರ್ತಿ ನಮ್ಮ ಕೈಯಲ್ಲಿತ್ತು. ಹಾಗಾಗಿ ಬದಲಿಯವರೆಲ್ಲ ಕಲಿಯುತ್ತಿದ್ದರು. ಸಾಬೂನಿನವಳು ಧಾನ್ಯ ಕಲಿಯುತ್ತಿದ್ದಳು, ಧಾನ್ಯದವಳು ಪಾತ್ರೆ ಕಲಿಯುತ್ತಿದ್ದಳು, ಪಾತ್ರೆಯವನು ವಹಿ-ಪುಸ್ತಕದ ಕಪಾಟಿನ ಮುಂದೆ ನಿಂತು ಕಾಗದದ ದಪ್ಪ ಬೆರಳಿನಲ್ಲಿ ನೋಡುತ್ತಿದ್ದ. ಐದನೆಯದು ಕಾಪಡ ವಿಭಾಗ, ಅರಿವೆಯದು. ಎಲ್ಲಕ್ಕಿಂತ ಕಠಿಣವಾದದ್ದು. ಬೇರೆಲ್ಲ ಕಡೆ ತಪ್ಪನ್ನು ತಿರುಗಿ ಚೀಲಕ್ಕೆ ಸುರಿಯಬಹುದು. ಅರಿವೆಯನ್ನು ಕತ್ತರಿಸಿದ ಮೇಲೆ ಮುಗಿಯಿತು.

ಸೇರಿದ ಮೊದಲ ದಿನವೇ ನಾನು ವ್ಯವಸ್ಥಾಪಕರ ಜೊತೆ ವಾದಕ್ಕೆ ಬಿದ್ದೆ. ಅವರು ನಿವೃತ್ತ ಶಾಲಾ ಶಿಕ್ಷಕರು, ಎಲ್ಲರೂ ‘ಮಾಸ್ತರ’ ಎಂದೇ ಕರೆಯುತ್ತಿದ್ದರು. “ಅಂದರೆ ನಾನು ಹೆಚ್ಚು ಕಲಿತಷ್ಟೂ ಹೆಚ್ಚು ಜನ ಕಾಯಿಲೆ ಬೀಳಲಿ ಎಂದು ಬಯಸಬೇಕಾಗುತ್ತದೆ, ಇದು ನೀತಿಯೇ?” ಎಂದು ಮರಾಠಿಯಲ್ಲಿ ಕೇಳಿದೆ. ಕಾಲೇಜಿನ ವಾದಸ್ಪರ್ಧೆಗಳಲ್ಲಿ ಮೂರು ವರ್ಷ ಪಳಗಿದ ಗಂಟಲು, ಅಂಗಡಿಯ ಆಚೆಯ ಗೋಡೆಗೆ ತಾಗುವಂತೆ ಕೇಳಿದೆ. ಮಾಸ್ತರರು ಕನ್ನಡಕದ ಮೇಲಿನಿಂದ ನೋಡಿದರು. “ಪೋರೀ, ವಕೀಲ ಹೋ. ಆಧೀ ಸಾಬಣ ಮೋಜ್” ಎಂದರು. ವಕೀಲಳಾಗು, ಮೊದಲು ಸಾಬೂನು ಎಣಿಸು.

ವಕೀಲಳಾಗುವುದಕ್ಕೇ ನಾನು ಅಲ್ಲಿಗೆ ಹೋದದ್ದು. ಅಪ್ಪ ಬೆಲ್ಲದ ಅಡತಿ ಅಂಗಡಿಯಲ್ಲಿ ಗುಮಾಸ್ತರು; ಬಿ.ಎ. ಮುಗಿದ ಮೇಲೆ ಕಾಯ್ದೆ ಓದುತ್ತೇನೆ ಎಂದದ್ದಕ್ಕೆ, “ನಿನಗ ವಾದಾ ಮಾಡಾಕ ಕಾಲೇಜ್ ಯಾಕ ಬೇಕವಾ, ಮನ್ಯಾಗ ಪುಕ್ಕಟ ಮಾಡಾಕತ್ತೀಯಲ್ಲ” ಎಂದು ಕೈ ತೊಳೆದುಕೊಂಡಿದ್ದರು. ಇರಲಿ. ನನ್ನ ಕಥೆ ಇಲ್ಲಿ ಮುಖ್ಯವಲ್ಲ. ನಾನು ಓದಿದರೂ ಓದದಿದ್ದರೂ ಯಾರ ಮನೆಯೂ ಮುಳುಗುತ್ತಿರಲಿಲ್ಲ. ಧಾನ್ಯ ವಿಭಾಗದಲ್ಲಿ ನನ್ನ ಪಕ್ಕ ನಿಲ್ಲುತ್ತಿದ್ದವಳ ಸಂಗತಿ ಹಾಗಿರಲಿಲ್ಲ.

ಅವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಮೂವತ್ತರ ಆಚೀಚೆ ಇದ್ದಿರಬೇಕು. ದಿನಾ ಇಚಲಕರಂಜಿಯ ಶಹಾಪುರದಿಂದ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದಳು. ಅಲ್ಲಿ ಅವಳ ಅಣ್ಣನ ಮನೆ. ಒಂದೇ ಖೋಲಿ, ಏಳು ಜನ, ಗೋಡೆಯ ಆಚೆ ಪವರ್‌ಲೂಮಿನ ಶೆಡ್ಡು. ಗಂಡ ಆ ಶೆಡ್ಡಿನಲ್ಲೇ ಮಗ್ಗ ನಡೆಸುತ್ತಿದ್ದ. ಎದೆಯ ಬೇನೆಯಿಂದ ತೀರಿಕೊಂಡ. ಹತ್ತಿಯ ಧೂಳು ಎಂದು ಅಕ್ಕ ಹೇಳುತ್ತಿದ್ದಳು, ಹಣೆಬರಹ ಎಂದು ಅವಳ ಅಣ್ಣ ಹೇಳುತ್ತಿದ್ದ. ನಾನು ಅಕ್ಕನ ಪಕ್ಷ. ಆಗ ಮಗಳಿಗೆ ಐದು ವರ್ಷ. ಗಂಡನ ಅಣ್ಣ ಗಡಹಿಂಗ್ಲಜದಿಂದ ಬಂದು, “ಇಲ್ಲೆ ಈ ಗದ್ದಲದಾಗ ಕೂಸು ಹ್ಯಾಂಗ ಬೆಳೀಬೇಕು” ಎಂದು ಹುಡುಗಿಯನ್ನು ತಮ್ಮ ಮನೆಗೆ ಕರೆದೊಯ್ದ. ಎರಡು ತಿಂಗಳಿಗೆ ಎಂದು ಒಯ್ದದ್ದು. ನಾನು ಅಕ್ಕನನ್ನು ಕಾಣುವ ಹೊತ್ತಿಗೆ ಅದು ನಾಲ್ಕು ವರ್ಷವಾಗಿತ್ತು.

ಮಗಳನ್ನು ತಿರುಗಿ ಕೇಳಲಿಲ್ಲವೆ? ಕೇಳಿದ್ದಳು. ಭಾವ ಕೆಟ್ಟವನಲ್ಲ, ಕೇಳಿದಾಗಲೆಲ್ಲ ಉತ್ತರ ಕೊಡುತ್ತಿದ್ದ. “ನಾಕ ತಾಸಿನ ನೌಕರಿ, ನಾಕ ತಾಸು ಬಸ್ಸಿನ್ಯಾಗ. ಹುಡುಗಿನ್ನ ಎಲ್ಲೆ ಇಡಾಕಿ? ಇಡೀ ದಿನದ ನೌಕರಿ ಆಗಲಿ, ಕೊಲ್ಹಾಪುರದಾಗ ಸ್ವಂತ ಖೋಲಿ ಹಿಡಿ, ಜೂನ್‌ದಾಗ ಸಾಲಿಗಿ ಹಚ್ಚು. ನಾನಽ ತಂದು ಬಿಡ್ತೇನಿ.” ಇದರಲ್ಲಿ ದೋಷ ಹುಡುಕಲು ನಾನು ಬಹಳ ಪ್ರಯತ್ನಿಸಿದೆ. ಮಾತು ಸರಿಯಾಗಿಯೇ ಇತ್ತು. ಎಂಟು ತಾಸು ಸಿಕ್ಕರೆ ಖೋಲಿ, ಖೋಲಿ ಸಿಕ್ಕರೆ ಮಗಳು. ಅಕ್ಕನ ಲೋಕ ಈ ಒಂದು ಏಣಿಯಾಗಿತ್ತು, ಮೊದಲ ಮೆಟ್ಟಿಲು ಭಾಂಡಾರದಲ್ಲಿತ್ತು.

ಧಾನ್ಯವನ್ನು ನನಗೆ ಕಲಿಸಿದವಳು ಅವಳೇ. ಕಲಿಸಿದ್ದು ಹೇಗೆಂದರೆ, ಮೊದಲ ವಾರ ನಾನು ಒಬ್ಬ ಗಿರಾಕಿಯ ಜೊತೆ ಜೋಳದ ಬಗ್ಗೆ ಚರ್ಚೆ ಮಾಡಿದೆ. ಆ ಹೆಂಗಸು ಇದು ಹೋದ ವರ್ಷದ ಜೋಳ ಎಂದಳು. ನಾನು ಅಲ್ಲ ಎಂದೆ. ಚೀಲದ ಚೀಟಿ ತೋರಿಸಿದೆ, ಲಾರಿ ಬಂದ ದಿನ ಹೇಳಿದೆ, ಕಣ್ಣಿನಿಂದ ಕಂಡದ್ದು ಪ್ರಮಾಣವಲ್ಲ ಎಂದೂ ಹೇಳಿದೆ. ಆಕೆ ಎಲ್ಲ ಕೇಳಿ, ಚೀಲ ಮಡಚಿಕೊಂಡು, “ಬಾಈ, ತುಮ್ಹೀ ಜಿಂಕಲಾತ್. ಜ್ವಾರೀ ತುಮಚ್ಯಾಚ್ ಘರೀ ನ್ಯಾ” ಎಂದು ಹೊರಟೇಹೋದಳು. ನೀವೇ ಗೆದ್ದಿರಿ, ಜೋಳ ನಿಮ್ಮ ಮನೆಗೇ ಒಯ್ಯಿರಿ.

ಅಕ್ಕ ಚೀಲಕ್ಕೆ ಕೈ ಹಾಕಿ ಒಂದು ಮುಷ್ಟಿ ಜೋಳವನ್ನು ಕಿವಿಯ ಹತ್ತಿರ ಒಯ್ದು ಮೆಲ್ಲಗೆ ಹಿಚುಕಿದಳು.

“ಹೋದ ವರ್ಷದ್ದಽ ಐತಿ.”

“ಮತ್ತ ಸುಮ್ನ ಯಾಕ ನಿಂತಿದ್ದಿ?”

“ನೀ ಎಲ್ಲೆ ಬಾಯಿ ತಗಿಯಾಕ ಕೊಟ್ಟಿ, ತಂಗಿ?”

ಹೊಸ ಜೋಳ ಮುಷ್ಟಿಯಲ್ಲಿ ಸದ್ದು ಮಾಡುವುದಿಲ್ಲ, ಹಳೆಯದು ಕರಕರ ಎನ್ನುತ್ತದೆ. ತೊಗರಿಬೇಳೆಯನ್ನು ಹಲ್ಲಿನಿಂದ ನೋಡಬೇಕು. ಅಕ್ಕಿಯ ವಾಸನೆಯನ್ನು ಬೆಳಿಗ್ಗೆಯೇ ನೋಡಬೇಕು, ಮಧ್ಯಾಹ್ನ ಮೂಗು ದಣಿದಿರುತ್ತದೆ. ಇಂಥವನ್ನು ಅವಳು ನಿಯಮ ಎಂದು ಹೇಳುತ್ತಿರಲಿಲ್ಲ, ನನ್ನ ಕೈ ಹಿಡಿದು ಚೀಲದೊಳಗೆ ತೂರಿಸುತ್ತಿದ್ದಳು. “ಇದು ನೋಡು. ಈಗ ಇದು ನೋಡು.” ಅಷ್ಟೆ. ಅವಳು ಸಾಬೂನು, ಪಾತ್ರೆ ಎರಡನ್ನೂ ಹೀಗೆಯೇ ಕಲಿತಿದ್ದಳು. ವಹಿ-ಪುಸ್ತಕಕ್ಕೆ ಮರಾಠಿ ಅಕ್ಷರ ಬೇಕಾಗಿತ್ತು. ಅವಳು ಗಡಹಿಂಗ್ಲಜದ ಕಡೆಯ ಹಳ್ಳಿಯೊಂದರಲ್ಲಿ ಕನ್ನಡ ನಾಲ್ಕನೆಯ ಇಯತ್ತೆ ಓದಿದವಳು. ನಾನು ಕಲಿಸಿದೆ. ಎರಡು ತಿಂಗಳಲ್ಲಿ ಪುಸ್ತಕದ ಹೆಸರುಗಳನ್ನು ತಡವರಿಸದೆ ಓದಿದಳು. ಆಗ ನನಗೆ ನನ್ನ ಮೇಲೆ ಬಹಳ ಅಭಿಮಾನ ಬಂತು, ಅವಳ ಮೇಲಲ್ಲ. ಇದನ್ನು ಈಗ ಬರೆಯುವಾಗ ಗಮನಿಸುತ್ತೇನೆ.

ಯುಗಾದಿ ಕಳೆದ ಮೇಲೆ ಮಾಸ್ತರರು ನಮ್ಮನ್ನೆಲ್ಲ ಕರೆದು ಒಂದು ಸುದ್ದಿ ಹೇಳಿದರು. ಬದಲಿಯವರಲ್ಲಿ ಒಬ್ಬರನ್ನು ಕಾಯಂ ಮಾಡುವುದು, ಎಂಟು ತಾಸು. ಐದೂ ವಿಭಾಗ ಬರಬೇಕು. ಲಗ್ನದ ಹಂಗಾಮಿನಲ್ಲಿ ಕಾಪಡದಲ್ಲಿ ನಿಲ್ಲಿಸಿ ನೋಡುತ್ತೇವೆ; ಜೂನ್ ಒಂದನೆಯ ತಾರೀಖಿನಿಂದ ಕೆಲಸ. ಆ ಹೊತ್ತಿಗೆ ಐದೂ ಬರುತ್ತಿದ್ದವಳು ನಾನೊಬ್ಬಳೇ. ನಾಲ್ಕು ಬರುತ್ತಿದ್ದವಳು ಅಕ್ಕ. ಅಲ್ಲೇ ಎಲ್ಲರೆದುರು, “ನನಗೆ ಬೇಡ ಮಾಸ್ತರ, ಅಕ್ಕ ಕಾಪಡ ಕಲಿಯುತ್ತಾಳೆ, ನಾನು ಕಲಿಸುತ್ತೇನೆ” ಎಂದೆ. ಹೇಳಿದ ರೀತಿ ನನಗೇ ಮೆಚ್ಚಿಗೆಯಾಯಿತು.

ಅಕ್ಕ ಆ ದಿನವೇ ಗಡಹಿಂಗ್ಲಜಕ್ಕೆ ಕಾರ್ಡು ಬರೆದಳು. ಜೂನಿನಲ್ಲಿ ಮಗಳನ್ನು ಕರೆಯಲು ಬರುತ್ತೇನೆ ಎಂದು.

ಹನ್ನೆರಡರಿಂದ ನಾಲ್ಕರ ತನಕ ಭಾಂಡಾರ ಮುಚ್ಚಿರುತ್ತಿತ್ತು. ಸಂಜೆ ಕೆಲಸ ಸಿಗುತ್ತದೋ ಇಲ್ಲವೋ ಗೊತ್ತಾಗದೆ ಅಕ್ಕ ಹಿತ್ತಲಿನ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿಕೊಂಡು ಕುಳಿತಿರುತ್ತಿದ್ದಳು. ಹಾತಕಣಂಗಲೆಯ ಮೇಲೆ ಹೋಗುವ ಬಸ್ಸನ್ನು ಹಿಡಿದು ಮನೆಗೆ ಹೋಗಿ ಬರುವಷ್ಟರಲ್ಲಿ ನಾಲ್ಕು ಬಾರಿಸುತ್ತಿತ್ತು. ಪಾಠ ಅಲ್ಲಿಯೇ. ನಾನು ಹಳೆಯ ಚಾದರ ಹಾಸಿ, ಮೀಟರಿನ ಕಬ್ಬಿಣದ ಪಟ್ಟಿ ಇಟ್ಟು ಗಿರಾಕಿಯಾಗುತ್ತಿದ್ದೆ. ಅಕ್ಕ ಅಳೆಯುತ್ತಿದ್ದಳು. ಅವಳ ಕೈ ಅರಿವೆಯ ಮೇಲೆ ಓಡುವುದನ್ನು ನೋಡಬೇಕಿತ್ತು. ಮಗ್ಗದ ಮನೆಯವಳು, ಅಂಚು ಎಲ್ಲಿ ಸೊಟ್ಟಗಾಗಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದಳು. ಕತ್ತರಿ ಇಟ್ಟರೆ ನೂಲು ಎಣಿಸಿದಂತೆ ನೇರ.

ತೊಡಕಾದದ್ದು ಒಂದೇ ಕಡೆ. ಮರಾಠಿಯ ‘ಪಾವಣೆ’.

ನಾನು “ಪಾವಣೆ ತೀನ್ ಮೀಟರ್” ಎಂದರೆ ಅಕ್ಕ ಮೂರು ಮೀಟರ್ ಅಳೆದು, ಅದರ ಮುಂದೆ ಕಾಲು ಮೀಟರ್ ಸೇರಿಸಿ ಕೈ ಇಡುತ್ತಿದ್ದಳು. ಅವಳ ಕಿವಿಗೆ ಪಾವ್ ಎಂದರೆ ಕಾಲು, ತೀನ್ ಎಂದರೆ ಮೂರು, ಮೂರೂಕಾಲು. ಕನ್ನಡದಲ್ಲಿ ಕಾಲು ಬಂದರೆ ಕೂಡಿಸುವುದೇ ತಾನೆ? ಮೂರೂಕಾಲು, ಮೂರೂವರೆ, ಮೂರೂಮುಕ್ಕಾಲು. ಇದ್ದಲ್ಲಿಂದ ಮುಂದಕ್ಕೆ. ಮರಾಠಿಯ ಪಾವಣೆ ತೀನ್ ಎಂದರೆ ಮೂರಕ್ಕೆ ಕಾಲು ಕಡಿಮೆ, ನಮ್ಮ ಎರಡೂಮುಕ್ಕಾಲು. ಹತ್ತು ಸಲ ಹೇಳಿದೆ. ಹತ್ತು ಸಲ ಅವಳ ಕೈ ಮುಂದಕ್ಕೇ ಹೋಯಿತು.

“ಈ ಮಂದಿ ಮೂರು ಅಂತಾರ, ಮೂರು ಕೊಡೂದಿಲ್ಲ. ಎಂಥಾ ಮಂದಿ ಇವರು?” ಎಂದು ಅಕ್ಕ ಪಟ್ಟಿಯನ್ನು ಕೆಳಗಿಟ್ಟಳು.

ಆಗ ನನಗೆ ಒಂದು ಹೊಳೆಯಿತು. ವಾದಸ್ಪರ್ಧೆಗೆ ನಮ್ಮನ್ನು ತಯಾರು ಮಾಡಿದವರು ಹೇಳಿಕೊಟ್ಟದ್ದು ಒಂದೇ ವಿದ್ಯೆ: ಮೂರು ಉದಾಹರಣೆ ಸಿಕ್ಕರೆ ಅವುಗಳ ಕೆಳಗೆ ಒಂದು ಸೂತ್ರ ಇರುತ್ತದೆ, ಅದನ್ನು ಎತ್ತಿ ಹಿಡಿ, ಸಭೆ ನಿನ್ನದು. ಮರಾಠಿಯ ಅಡೀಚ್ ಎಂದರೆ ಎರಡೂವರೆ. ಸಂಸ್ಕೃತದ ಲೆಕ್ಕದಲ್ಲಿ ಅದು ‘ಮೂರನೆಯದರ ಅರ್ಧ’, ಮುಂದಿನ ಮೂರನ್ನು ನೋಡಿಕೊಂಡು ಹಿಂದಕ್ಕೆ ಬಂದದ್ದು. ದೀಡ್, ಒಂದೂವರೆ, ಅದೂ ಹಾಗೆಯೇ, ಎರಡನ್ನು ನೋಡಿಕೊಂಡು ಬಂದದ್ದು. ಪಾವಣೆಯೂ ಹಾಗೆಯೇ. ಮೂರಾದವು. ಸೂತ್ರ ಸಿಕ್ಕಿತು.

“ಅಕ್ಕ, ನಾವು ಇದ್ದ ಮನೆಯಿಂದ ಮುಂದಕ್ಕ ಹೊಂಟೇವಿ. ಮರಾಠಿಯವರು ಮೊದಲು ಮುಂದಿನ ಮನೆಗೆ ಹೋಗಿ, ಅಲ್ಲಿಂದ ಹಿಂದಕ್ಕ ಬರ್ತಾರ. ಇಷ್ಟು ನೆನಪಿಡು. ಅವರು ಹೇಳಿದ ಅಂಕಿಗೆ ಹೋಗು, ಹಿಂದಕ್ಕ ಬಾ.”

ಅಕ್ಕ ಪಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡಳು. “ಎಲ್ಲಾ ಹಂಗಽ ಏನು? ಸವ್ವಾ ಅಂದ್ರ ನನಗ ಗೊತ್ತೈತಿ. ದೇವರಿಗೆ ಸವ್ವಾ ರೂಪಾಯಿ ಮೀಸಲ ಇಡ್ತೇವಲ್ಲ, ರೂಪಾಯಿ ಮ್ಯಾಲ ಪಾವಲಿ. ಅದು ಹಿಂದಕ್ಕ ಬರೂದಿಲ್ಲ.”

ಅವಳು ನನ್ನ ಸೂತ್ರವನ್ನು ಒಂದೇ ಏಟಿಗೆ ಉರುಳಿಸಿದ್ದಳು. ಸವ್ವಾ ಎಂದರೆ ಕಾಲು ಹೆಚ್ಚು. ಮರಾಠಿಯೂ ಅಲ್ಲಿ ಮುಂದಕ್ಕೇ ಹೋಗುತ್ತದೆ. ಸಾಡೇ ತೀನ್ ಎಂದರೆ ಮೂರೂವರೆ, ಅಲ್ಲಿಯೂ ಮುಂದಕ್ಕೇ. ಇದೆಲ್ಲ ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೆ ಅಷ್ಟು ಚಂದದ ಸೂತ್ರವನ್ನು ಎತ್ತಿದ ಮೇಲೆ ಎದುರು ಪಕ್ಷದವರು ಒಂದು ಅಪವಾದ ತಂದರೆ ಮಾಡುವುದೇನು? ನಗಿಸಿ ತಳ್ಳುವುದು. ದೇವರೆಂದರೆ ನನಗೆ ಆಗಲೂ ಆಗುತ್ತಿರಲಿಲ್ಲ, ನಗೆ ಕೈಗೆಟುಕುವಂತೆಯೇ ಇತ್ತು.

“ಅದು ದೇವರ ಲೆಕ್ಕ ಅಕ್ಕ. ದೇವರು ಯಾವಾಗಲೂ ಹೆಚ್ಚಿಗೀನಽ ತೊಗೋತಾನ. ಕಾಪಡದ ಖಾತೆದಾಗ ದೇವರ ಲೆಕ್ಕ ನಡಿಯೂದಿಲ್ಲ.”

ಅಕ್ಕ ನಕ್ಕಳು. ಕೈಯಿಂದ ಬಾಯಿ ಮುಚ್ಚಿಕೊಂಡು ಬಹಳ ನಕ್ಕಳು. ಆಮೇಲೆ ಪಾವಣೆ ಎಂದೂ ತಪ್ಪಲಿಲ್ಲ. ಪಾವಣೆ ಚಾರ್, ಪಾವಣೆ ದೋನ್, ಪಾವಣೆ ಸಹಾ, ಏನು ಕೇಳಿದರೂ ತುಟಿ ಅಲುಗಿಸಿ, ಮುಂದಿನ ಮನೆಗೆ ಹೋಗಿ, ಹಿಂದಕ್ಕೆ ಬಂದು, ಸರಿಯಾದ ಜಾಗದಲ್ಲಿ ಬೆರಳು ಇಡುತ್ತಿದ್ದಳು. ಸವ್ವಾ ಕೇಳಿ ನೋಡುವುದನ್ನು ನಾನು ಬಿಟ್ಟೆ. ಅದು ಅವಳಿಗೆ ಮೊದಲೇ ಗೊತ್ತಿತ್ತಲ್ಲ.

ಮೇ ತಿಂಗಳ ಎರಡನೆಯ ವಾರ ಅಕ್ಕನನ್ನು ಕಾಪಡದಲ್ಲಿ ನಿಲ್ಲಿಸಿದರು. ಮೂರು ದಿನ ಚೆನ್ನಾಗಿ ನಡೆಯಿತು. ಕುಪ್ಪಸದ ಖಣ, ಅಂಗಿಯ ಅರಿವೆ, ಹುಡುಗಿಯರ ಲಂಗಕ್ಕೆ, ಅಂದರೆ ಪರಕಾರಕ್ಕೆ, ಚೀಟು, ಒಂದು ದೂರೂ ಬರಲಿಲ್ಲ. ಮಾಸ್ತರರು ನನ್ನ ಹತ್ತಿರ ಬಂದು, “ಹಾತ್ ಸೋನ್ಯಾಚಾ ಆಹೇ ತಿಚಾ” ಎಂದರು. ಬಂಗಾರದ ಕೈ. ಮಂಗಳವಾರ ಪೇಟೆಯ ಹತ್ತಿರ ಒಂದು ಖೋಲಿಯನ್ನು ಅಕ್ಕ ಆಗಲೇ ನೋಡಿ ಬಂದಿದ್ದಳು. ಹತ್ತು ಹೆಜ್ಜೆಗೆ ಹುಡುಗಿಯರ ಶಾಲೆ. “ಕಿಡಕಿ ಸಣ್ಣದೈತಿ, ಆದ್ರ ಸಾಲಿ ಗಂಟಿ ಕೇಳ್ತೈತಿ ನೋಡು” ಎಂದು ಎರಡು ಸಲ ಹೇಳಿದಳು.

ನಾಲ್ಕನೆಯ ದಿನ ಸಂಜೆ ಉದಗಾಂವದಿಂದ ಒಂದು ಮದುವೆಯ ಮನೆಯವರು ಅರಿವೆಗೆ ಬಂದರು. ಹತ್ತು ಹನ್ನೆರಡು ಜನ. ಹಿರಿಯನೊಬ್ಬ ಪಟಕಾ ಸುತ್ತಿದ್ದ, ಮದುಮಗನ ಕಾಕಾ. ಮದುಮಗನಿಗೆ ಸೂಟು ಹೊಲಿಸುವುದಿತ್ತು. ಟೆರಿಲಿನ್ ಆಗ ಹೊಸದು, ಪರವಾನಗಿಯ ಮೇಲೆ ನಮಗೆ ಬಂದದ್ದು ಎರಡೇ ಥಾನು; ಬೂದು ಬಣ್ಣದ್ದರಲ್ಲಿ ಉಳಿದದ್ದು ಮೂರೂವರೆ ಮೀಟರಿನಷ್ಟು. ಮದುಮಗ ಆರಡಿ ಎತ್ತರ, ಅದನ್ನೇ ಆರಿಸಿದ. ದರ್ಜಿ ಎಷ್ಟು ಹೇಳಿದ್ದನೋ ಅಷ್ಟನ್ನು ಕಾಕಾ ಕಂಠಪಾಠ ಮಾಡಿಕೊಂಡು ಬಂದಿದ್ದ.

“ಸವ್ವಾ ತೀನ್ ಮೀಟರ್ ದ್ಯಾ, ಬಾಈ.”

ನಾನು ಎದುರಿನ ವಹಿ-ಪುಸ್ತಕದಲ್ಲಿದ್ದೆ. ಅಕ್ಕ ಅರಿವೆಯನ್ನು ಹಾಸಿದಳು. ಪಟ್ಟಿಯಿಂದ ಒಂದು, ಎರಡು, ಮೂರು ಅಳೆದಳು. ನಿಂತಳು. ತುಟಿ ಅಲುಗಿತು. ಮುಂದಿನ ಮನೆಗೆ ಹೋಗಿದ್ದಾಳೆ, ಈಗ ಹಿಂದಕ್ಕೆ ಬರುತ್ತಾಳೆ ಎಂದು ನನಗೆ ದೂರದಿಂದಲೇ ಗೊತ್ತಾಯಿತು. ನನ್ನ ಸೂತ್ರ ನನ್ನ ಕಣ್ಣೆದುರು ಕೆಲಸ ಮಾಡುತ್ತಿತ್ತು. ಹಿಗ್ಗಿದೆ. ಕಾಕಾ ಕೇಳಿದ್ದೇನು ಎಂಬುದು ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

“ಕಾಪೂ ಕಾ?” ಎಂದಳು ಅಕ್ಕ. ಕತ್ತರಿಸಲೆ?

ಕಾಕಾ ಆಚೆ ಸೀರೆಗಳ ಬಗ್ಗೆ ಹೆಂಗಸರಿಗೆ ಏನೋ ಹೇಳುತ್ತಿದ್ದ. “ಕಾಪಾ, ಕಾಪಾ” ಎಂದು ಕೈ ಬೀಸಿದ.

ಎರಡೂಮುಕ್ಕಾಲರ ಮೇಲೆ ಕತ್ತರಿ ನೂಲಿನಷ್ಟು ನೇರ ಹೋಯಿತು. ಮಡಿಕೆ ಮಾಡಿ ಕೈಗೆ ಕೊಟ್ಟಾಗ ಕಾಕಾ ಅದನ್ನು ತೋಳಿನ ಮೇಲೆ ತೂಗಿ ನೋಡಿದ. ಬಿಚ್ಚಿದ. ಮೊಳ ಹಾಕಿದ. ಇನ್ನೊಮ್ಮೆ ಹಾಕಿದ. ಆಮೇಲೆ ಬಾಯಿಂದ ಬಂದದ್ದು ಮರಾಠಿಯಲ್ಲ.

“ಏ ಯವ್ವಾ! ಏನ್ ಮಾಡಿದೆವಾ ಇದು? ಅರ್ಧಾ ಮೀಟರ್ ಕಮ್ಮಿ ಐತೆಲ್ಲಾ!”

ಅಕ್ಕ ಕತ್ತರಿ ಕೈಯಲ್ಲೇ ಹಿಡಿದು ನಿಂತಿದ್ದಳು. “ನೀವು ಕನ್ನಡದವರೇನ್ರಿ?”

“ಹೌದವಾ! ನೀ?”

“ಹೌದ್ರಿ.”

“ಮತ್ತ ಮದಲಽ ಬಾಯಿ ಬಿಡಬಾರದಾ? ಮೂರೂಕಾಲು ಅಂತಿದ್ನೆಲ್ಲ ನಾ! ಕೊಲ್ಹಾಪುರದ ಅಂಗಡ್ಯಾಗ ಅದಾಳ ಅಂದ್ರ ಮರಾಠ್ಯಾಕಿ ಇರಬೇಕಂತ ನಾ ನಾಲಿಗಿ ತಿರುವಿ ತಿರುವಿ ಮಾತಾಡೇನಿ.”

“ನಾನೂ ಹಂಗಽ ರೀ.”

ಇಬ್ಬರ ಮನೆಯಲ್ಲೂ ಆಡುವ ಮಾತು ಒಂದೇ. ಮಧ್ಯೆ ಬಿದ್ದಿದ್ದ ಅರಿವೆಯ ಎರಡು ತುಂಡುಗಳಲ್ಲಿ ಒಂದೂ ಸೂಟಿಗೆ ಬರುವಂತಿರಲಿಲ್ಲ. ಕಾಕಾ ಕೂಗಾಡಲಿಲ್ಲ, ಅದನ್ನು ಹೇಳಲೇಬೇಕು. “ಹೋಗಲಿ ಬಿಡವಾ, ನನ್ನ ನಸೀಬು” ಎಂದ. ಕೂಗಾಡಿದವರು ಹೆಂಗಸರು. ಶುಭಕಾರ್ಯದ ಅರಿವೆ ಅರ್ಧಕ್ಕೆ ಕತ್ತರಿಸಿದರು ಎಂದು ಒಬ್ಬಳು ಅತ್ತಳು. ಇಡೀ ಬಸ್ತಾ, ಮದುವೆಯ ಅರಿವೆಯ ವ್ಯಾಪಾರವೆಲ್ಲ, ಬೇರೆ ಅಂಗಡಿಗೆ ಹೋಯಿತು. ಮಾಸ್ತರರು ಒಳಗಿನ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದರು.

ಮರುದಿನ ನಾನು ಅವರ ಕೋಣೆಗೆ ಹೋಗಿ ಕಾಲು ತಾಸು ಮಾತಾಡಿದೆ. ಅಂಥ ಭಾಷಣ ನಾನು ಯಾವ ಸ್ಪರ್ಧೆಯಲ್ಲೂ ಮಾಡಿಲ್ಲ. ಸವ್ವಾ ಅವಳಿಗೆ ಬರುತ್ತಿತ್ತು. ನಾನು ಕಲಿಸುವ ಮೊದಲು ಚೆನ್ನಾಗಿಯೇ ಬರುತ್ತಿತ್ತು. ಅವಳು ಸರಿಯಾಗಿ ಆಕ್ಷೇಪಿಸಿದಳು, ನಾನು ನಗಿಸಿ ತಪ್ಪು ಕಲಿಸಿದೆ. ಅವಳು ಅಳೆದದ್ದು ನನ್ನ ಮಾತನ್ನು, ಗಿರಾಕಿಯ ಮಾತನ್ನಲ್ಲ. ಆದ್ದರಿಂದ ತಪ್ಪು ನನ್ನದು, ಶಿಕ್ಷೆ ನನಗೆ ಆಗಬೇಕು. ಮಾಸ್ತರರು ನಡುವೆ ಒಂದು ಸಲವೂ ತಡೆಯಲಿಲ್ಲ.

“ಮಾನ್ಯ, ಒಪ್ಪಿದೆ” ಎಂದರು ಕೊನೆಗೆ. “ತಪ್ಪು ನಿನ್ನದು. ಪಣ ಕಾತ್ರೀ ತಿಚ್ಯಾ ಹಾತಾತ್ ಹೋತೀ.” ಕತ್ತರಿ ಅವಳ ಕೈಯಲ್ಲಿತ್ತು.

“ಅದು ನ್ಯಾಯ ಅಲ್ಲ.”

“ನ್ಯಾಯ ಅಲ್ಲ. ಆದರೆ ಭಾಂಡಾರದ ಸಮಿತಿಯವರು ಕೇಳುವುದು ಅಷ್ಟನ್ನೇ.” ಅವರು ಕನ್ನಡಕ ತೆಗೆದು ಒರೆಸಿದರು. “ಮತ್ತೆ, ನಿನಗೆ ಸವ್ವಾ-ಪಾವಣೆ ಎರಡೂ ಇಷ್ಟು ಚೆನ್ನಾಗಿ ಗೊತ್ತಿದೆ ಎಂದು ನೀನೇ ಈಗ ತೋರಿಸಿಕೊಟ್ಟೆ. ಜೂನಿನಿಂದ ನೀನು ಕಾಯಂ. ಬೇಡ ಅಂದರೆ ಹೊರಗಿನಿಂದ ಒಬ್ಬ ಹುಡುಗನನ್ನು ತರುತ್ತಾರೆ, ಅರ್ಜಿ ಬಂದಿದೆ.”

ಬೇಡ ಎನ್ನಬಹುದಿತ್ತು. ಬೇಡ ಎಂದರೆ ಅಕ್ಕನಿಗೆ ಸಿಗುತ್ತಿರಲಿಲ್ಲ, ಆ ಹುಡುಗನಿಗೆ ಸಿಗುತ್ತಿತ್ತು. ನಾನು ನಿರಾಕರಿಸಿದರೆ ನನ್ನೊಬ್ಬಳ ಮನಸ್ಸಿಗೆ ತಂಪು, ಅಕ್ಕನಿಗೆ ಏನೂ ಇಲ್ಲ. ಯಾರಿಗೂ ಉಪಯೋಗವಿಲ್ಲದ ತ್ಯಾಗ ಬರೀ ಪ್ರದರ್ಶನ. ಹೀಗೆ ವಾದಿಸಿ ಒಪ್ಪಿಕೊಂಡೆ. ಈ ವಾದದಲ್ಲಿ ಎಲ್ಲಿ ತಪ್ಪಿದೆ ಎಂದು ಐದು ವರ್ಷದಿಂದ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ. ಸಿಕ್ಕಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅಕ್ಕನಿಗೆ ಹೇಳಿದಾಗ ಅವಳು ಬುತ್ತಿಯ ರೊಟ್ಟಿ ಮುರಿಯುತ್ತಿದ್ದಳು. “ತೊಗೋ, ಹುಚ್ಚಿ. ಯಾರಿಗರೆ ಆಗಬೇಕಲ್ಲ” ಎಂದಳು. ಅರ್ಧ ರೊಟ್ಟಿ ನನ್ನ ಕೈಗೆ ಹಾಕಿದಳು. “ಅಲ್ಲ ತಂಗಿ, ಸವ್ವಾ ನನಗ ಗೊತ್ತಿತ್ತು ನೋಡು” ಎಂದಳು ಆಮೇಲೆ. ದೂರುವ ದನಿಯಲ್ಲ. ಮನೆಯಲ್ಲಿ ಎಲ್ಲೋ ಇಟ್ಟ ವಸ್ತು ಕಾಣದಾದಾಗ ಹೇಳುತ್ತಾರಲ್ಲ, ಹಾಗೆ.

ಖೋಲಿಯನ್ನು ಬೇರೆ ಯಾರೋ ಹಿಡಿದರು.

ಜೂನಿನ ಮೊದಲ ವಾರ ಶಾಲೆ ಶುರುವಾಗುವ ಮೊದಲು ಗಡಹಿಂಗ್ಲಜಕ್ಕೆ ಹೋಗೋಣ ಎಂದವಳು ನಾನೇ. ಅಕ್ಕ ಬೇಡ ಎಂದಳು. ನಾನು ಬಿಡಲಿಲ್ಲ. ನನ್ನ ಹತ್ತಿರ ಹೊಸ ವಾದವಿತ್ತು: ನನಗೀಗ ಪೂರ್ತಿ ಸಂಬಳ, ನಮ್ಮ ಮನೆಯ ಮೇಲ್ಮಾಳಿಗೆಯ ಕೋಣೆ ಖಾಲಿ, ಅವ್ವನನ್ನು ಒಪ್ಪಿಸಿದ್ದೇನೆ, ತಾಯಿ-ಮಗಳು ಅಲ್ಲಿರಲಿ, ಅಕ್ಕ ಬೆಳಿಗ್ಗೆ ಕೆಲಸಕ್ಕೆ ಹೋದಾಗ ಹುಡುಗಿ ಶಾಲೆಯಲ್ಲಿ. ಎಂಟು ತಾಸಿನ ಶರತ್ತು ಇಟ್ಟದ್ದು ಖೋಲಿಗಾಗಿ, ಖೋಲಿ ಇದೆ. ಶರತ್ತು ತೀರಿತು. ನಿಪ್ಪಾಣಿ ದಾಟುವ ತನಕ ಬಸ್ಸಿನಲ್ಲಿ ಇದನ್ನೇ ಹೇಳಿದೆ. ಅಕ್ಕ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು. ಮಡಿಲಲ್ಲಿ ಒಂದು ಗಂಟು, ಅದರಲ್ಲಿ ಮಗಳಿಗೆ ತಾನೇ ಹೊಲಿದ ಪರಕಾರ. ಅಳತೆ ಅಂದಾಜಿನದು.

ಭಾವನ ಮನೆ ಪೇಟೆಯ ಹಿಂದಿನ ಓಣಿಯಲ್ಲಿ. ಮೆಣಸಿನಕಾಯಿ ವ್ಯಾಪಾರ, ಪಡಸಾಲೆಯ ತುಂಬ ಕೆಂಪು ಚೀಲ. ಒಳಗೆ ಹೋದ ಕೂಡಲೆ ನಾನು ಸೀನಿದೆ. ಭಾವ ನಗುತ್ತ ಕಂಬಳಿ ಹಾಸಿದ. ಒಳಗಿನಿಂದ ಅವನ ಹೆಂಡತಿ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮಕ್ಕಳಿಲ್ಲದ ಹೆಂಗಸು. ಇದು ನನಗೆ ಆಗಲೇ ತಿಳಿದದ್ದು. ಅಕ್ಕ ಎಂದೂ ಹೇಳಿರಲಿಲ್ಲ.

ನಾನು ಶುರು ಮಾಡಿದೆ. ಮನುಷ್ಯ ತಾಳ್ಮೆಯಿಂದ ಕೇಳಿದ, ನಡುನಡುವೆ ತಲೆ ಆಡಿಸಿದ. ಅವನು ಒಂದು ಅಡ್ಡಿ ಹೇಳಿದ, ನಾನು ತೆಗೆದೆ. ಇನ್ನೊಂದು ಹೇಳಿದ, ಅದನ್ನೂ ತೆಗೆದೆ. ಮೂರನೆಯದಕ್ಕೆ ಅವನು ಎರಡೂ ಕೈ ಎತ್ತಿದ.

“ಸಾಕ್ರಿ ಬಾಯಾರ. ನೀವು ಹೇಳೂದು ಖರೆ ಐತಿ. ನಾ ಮಾತು ಕೊಟ್ಟಿದ್ದು ಖರೆ. ಕೂಸು ಆಕೀದು. ಕರಕೊಂಡು ಹೋಗ್ರಿ, ನಾ ಏನ್ ಅನ್ನೂದಿಲ್ಲ.” ಬಾಗಿಲಲ್ಲಿದ್ದವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಭಾವ ಅತ್ತ ನೋಡಿ, ಮತ್ತೆ ನನ್ನ ಕಡೆ ನೋಡಿದ. “ಹುಡುಗೀನ್ನ ಒಂದು ಮಾತು ಕೇಳಬೇಕಲ್ರಿ?”

ನಾನು ಗೆದ್ದಿದ್ದೆ. ಅಕ್ಕನ ಕಡೆ ತಿರುಗಿದೆ. ಅವಳು ಗಂಟನ್ನು ಬಿಚ್ಚತೊಡಗಿದ್ದಳು.

ಹುಡುಗಿ ನೀರು ತಂದಳು. ಒಂಬತ್ತು ವರ್ಷ, ಎಣ್ಣೆ ಹಚ್ಚಿ ಎರಡು ಹೆಳಲು ಬಿಗಿಯಾಗಿ ಹೆಣೆದಿದ್ದರು. ಮೊದಲು ನನಗೆ ಕೊಟ್ಟಳು. ಆಮೇಲೆ ಇನ್ನೊಂದು ತಂಬಿಗೆಯನ್ನು ಎರಡೂ ಕೈಯಿಂದ ಹಿಡಿದು ಅಕ್ಕನ ಮುಂದೆ ಬಗ್ಗಿದಳು.

“ನೀರ ತೊಗೋರಿ. ಆರಾಮ ಅದೀರಿ?”

ಅಕ್ಕನ ಕೈ ಗಂಟಿನ ಮೇಲೆಯೇ ನಿಂತಿತು.

“ನಿಮ್ಮವ್ವ ನಿನ್ನ ಕರಿಯಾಕ ಬಂದಾಳ ನೋಡವಾ, ಕೊಲ್ಹಾಪುರಕ್ಕ. ಹೋಗ್ತಿ?” ಎಂದ ಭಾವ.

ಹುಡುಗಿ ಒಳಬಾಗಿಲ ಕಡೆ ನೋಡಿದಳು. ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದಳು. ನಮ್ಮಿಬ್ಬರನ್ನೂ ನೋಯಿಸಬಾರದು ಎಂಬಂತೆ, ಮನೆಗೆ ಬಂದವರಿಗೆ ಹೇಳಲು ಅವಳಿಗೆ ಯಾರೋ ಕಲಿಸಿದ ನಯದಲ್ಲಿ ಹೇಳಿದಳು.

“ಸಾಲಿ ಚಾಲೂ ಆಗತೈತ್ರಿ. ದೀಪಾವಳಿ ಸೂಟಿ ಇದ್ದಾಗ ನೀವಽ ಬರ್ರಿ.”

ನನ್ನ ಬಾಯಿ ತೆರೆಯಿತು. ಇದಕ್ಕೆ ಉತ್ತರ ಇತ್ತು, ಎರಡು ಇದ್ದವು: ಒಂಬತ್ತು ವರ್ಷದವರ ಒಪ್ಪಿಗೆ ಒಪ್ಪಿಗೆಯಲ್ಲ, ನಾಲ್ಕು ತಿಂಗಳಲ್ಲಿ ರೂಢಿಯಾಗುತ್ತದೆ. ಅಕ್ಕ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟು ಒತ್ತಿದಳು. ತಂಬಿಗೆ ತೆಗೆದುಕೊಂಡು ನೀರನ್ನು ನಿಲ್ಲದೆ ಪೂರ್ತಿ ಕುಡಿದಳು. ಖಾಲಿ ತಂಬಿಗೆಯನ್ನು ಸೆರಗಿನಿಂದ ಒರೆಸಿ ಮಗಳ ಕೈಗೆ ಕೊಟ್ಟಳು.

“ಹೂಂ ರೀ. ಬರ್ತೇನ್ರಿ” ಎಂದಳು.